ಕಾಲು ಪಾವು ಪಾಸ್ತಾ

ಚೂಡಾಮಣಿಗೆ ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿತ್ತು. ಹನುಮಂತನಗರದ ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಗಂಡನ ಲೆಕ್ಕಕ್ಕೆ ಗೋಣು ಹಾಕಿಕೊಂಡೇ ಬದುಕಿದವಳು ಅವಳು. ರಾಮಪ್ರಸಾದ ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಆ ಲೆಕ್ಕ ಅಡುಗೆಮನೆಗೂ ಕಾಲಿಟ್ಟಿತ್ತು. ಸಾರಿಗೆ ಬೇಳೆ ಎಷ್ಟು, ಡಿಕಾಕ್ಷನ್ನಿಗೆ ಪುಡಿ ಎಷ್ಟು, ಎಲ್ಲದಕ್ಕೂ ಅವನದೊಂದು ಅಂಕಿ. ಸಾರು ನೀರಾದರೆ ಯಾರ ಪ್ರಾಣವೂ ಹೋಗುವುದಿಲ್ಲವಲ್ಲ ಎಂದು ಅವಳು ಸುಮ್ಮನಿರುತ್ತಿದ್ದಳು.

ಇವತ್ತು ಹೋಗುವುದರಲ್ಲಿತ್ತು.

ಮೊಮ್ಮಗಳು ತನ್ಮಯಿಗೆ ಇಷ್ಟು ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಬೇಕು, ಚುಚ್ಚಿದ್ದಕ್ಕೆ ತಕ್ಕಷ್ಟು ತಿನ್ನಿಸಲೇಬೇಕು; ಕಮ್ಮಿಯಾದರೆ ಸಕ್ಕರೆ ಇಳಿದು ಪ್ರಾಣಕ್ಕೇ ಅಪಾಯ. ಜೆ.ಪಿ. ನಗರದಲ್ಲಿರುವ ಮಗಳು ಸುರಭಿ ಶನಿವಾರ ಮಗುವನ್ನು ಇಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತಾಳೆ. ಆ ಶನಿವಾರಕ್ಕಾಗಿಯೇ ಚೂಡಾಮಣಿ ಸೂಜಿ ಹಿಡಿಯಲು ಕಲಿತಿದ್ದಳು. ಐವತ್ತು ಗ್ರಾಂ ಪಾಸ್ತಾ, ಒಣದ್ದನ್ನೇ ತೂಗಿ ಬೇಯಿಸು, ಅದಕ್ಕೆ ಇನ್ಸುಲಿನ್ ಇಷ್ಟು ಎಂದು ಸುರಭಿ ಹೇಳಿ ಹೋಗಿದ್ದಳು. ತೂಗಲು ಹೋದರೆ ತಕ್ಕಡಿಯ ಬ್ಯಾಟರಿ ಸತ್ತಿತ್ತು.

"ಅದಕ್ಯಾಕೆ ತಕ್ಕಡಿ? ಒಂದು ಪಾವು ಅಂದ್ರೆ ಇನ್ನೂರು ಗ್ರಾಂ. ಕಾಲು ಪಾವು ಹಾಕು," ಎಂದ ರಾಮಪ್ರಸಾದ, ಟಿವಿಯಲ್ಲಿನ ಕ್ರಿಕೆಟ್ಟಿನಿಂದ ಕಣ್ಣು ತೆಗೆಯದೆ.

ಪಾವಿನ ತಳದಲ್ಲಿ ಪಾಸ್ತಾ ಕೊಳವೆಗಳು ಅಡ್ಡಾದಿಡ್ಡಿ ಬಿದ್ದಿದ್ದವು. "ಇಷ್ಟೇನಾ ರೀ?" ಎಂದಳು.

"ಬೆಂದ್ರೆ ಉಬ್ಬುತ್ತೆ ಕಣೆ. ನಿಂಗೆ ಲೆಕ್ಕ ಗೊತ್ತಾಗಲ್ಲ."

ಅವಳು ಎಂದಿನಂತೆ ಬಾಯಿ ಮುಚ್ಚಿಕೊಂಡು ಒಲೆ ಹಚ್ಚಿದಳು. ಸುರಭಿ ಹೇಳಿದಷ್ಟೂ ಇನ್ಸುಲಿನ್ ಚುಚ್ಚಿ, ಬೆಂದಷ್ಟು ಪಾಸ್ತಾ ಮಗುವಿಗೆ ತಿನ್ನಿಸಿದಳು.

ಊಟವಾದ ಸ್ವಲ್ಪ ಹೊತ್ತಿಗೆ ಮಗು ಬೆವೆತು ನಡುಗತೊಡಗಿತು. "ಅಜ್ಜಿ, ಕಣ್ಣು ಮಂಜಾಗ್ತಿದೆ," ಎಂದಿತು. ಚೂಡಾಮಣಿ ಗ್ಲೂಕೋಸ್ ಕಲಸಿ ಕುಡಿಸಿ, ಬೆರಳು ಚುಚ್ಚಿ ನೋಡಿ, ಮತ್ತೆ ಕುಡಿಸಿ, ಆ ಮುಖಕ್ಕೆ ಕಳೆ ಬರುವವರೆಗೂ ಮಗುವನ್ನು ತೊಡೆಯಿಂದ ಇಳಿಸಲಿಲ್ಲ.

ತಾಯಿಯ ಫೋನು ಬಂದದ್ದೇ ಸುರಭಿ ಓಡಿ ಬಂದಳು. ರಾಮಪ್ರಸಾದ ಮಗಳಿಗೆ, "ನಿಮ್ಮಮ್ಮ ಪಾಸ್ತಾ ಸ್ವಲ್ಪ ಕಮ್ಮಿ ಹಾಕಿಬಿಟ್ಲು," ಎಂದ.

ಚೂಡಾಮಣಿ ಎದ್ದಳು. ಅವನ ಕೈಯಿಂದ ಟಿವಿ ರಿಮೋಟು ಕಿತ್ತುಕೊಂಡು, ಅದರ ಬ್ಯಾಟರಿ ತೆಗೆದು ತಕ್ಕಡಿಗೆ ಹಾಕಿದಳು. ಪಾವಿನ ತುಂಬ ಅಕ್ಕಿ ತೂಗಿದಳು. ಇನ್ನೂರರ ಮೇಲೆ ಸ್ವಲ್ಪ. ಅವನ ಮುಖ ಅರಳಿತು. ಅದೇ ಪಾವಿನ ತುಂಬ ಪಾಸ್ತಾ ತೂಗಿದಳು. ನೂರೂ ಮುಟ್ಟಲಿಲ್ಲ.

"ಒಳಗೆಲ್ಲ ಟೊಳ್ಳು. ನೀವು ಹೇಳಿದ್ದು ಅಕ್ಕಿ ಲೆಕ್ಕ. ಈಗ ಹೇಳಿ, ಯಾರು ಕಮ್ಮಿ ಹಾಕಿದ್ದು?"

ಸುರಭಿ ತಾಯಿಯ ಕಡೆ ತಿರುಗಿದಳು. "ನಿಂಗೆ ಕಮ್ಮಿ ಅನ್ನಿಸ್ಲಿಲ್ವಾಮ್ಮ?"

"ಅನ್ನಿಸ್ತು."

"ಮತ್ತೆ?"

ಗಂಡನ ಮೇಲಿದ್ದ ಸಿಟ್ಟೆಲ್ಲ ಚೂಡಾಮಣಿಗೆ ತನ್ನ ಮೇಲೆಯೇ ತಿರುಗಿತು. ಸಾರಿನ ವಿಷಯಕ್ಕೆ ಮುಚ್ಚಿಕೊಂಡು ರೂಢಿಯಾದ ಬಾಯಿ, ಮಗುವಿನ ವಿಷಯಕ್ಕೂ ಮುಚ್ಚಿಯೇ ಇತ್ತು.

ಸುರಭಿ ಮಗುವಿನ ಬ್ಯಾಗು ಹೆಗಲಿಗೇರಿಸಿದಳು. "ಇನ್ಮೇಲೆ ಇಲ್ಲಿ ಬಿಡಲ್ಲ."

ಚೂಡಾಮಣಿ ಬಾಗಿಲಿಗೆ ಅಡ್ಡ ನಿಂತಳು. "ಬಿಡ್ತೀಯ. ಇನ್ಮೇಲೆ ಈ ಅಡುಗೆಮನೇಲಿ ನನ್ನ ಲೆಕ್ಕ. ರೀ, ಎದ್ದು ಹೋಗಿ ಬ್ಯಾಟರಿ ತನ್ನಿ."

ರಾಮಪ್ರಸಾದ ಚಪ್ಪಲಿ ಮೆಟ್ಟಿಕೊಂಡು, ಹೊಸ್ತಿಲಲ್ಲಿ ತಡೆದು ನಿಂತ. "ಎಷ್ಟು ತರ್ಲಿ?"

ಮದುವೆಯಾದಾಗಿನಿಂದ ಅವನು ಅವಳನ್ನು ಎಷ್ಟು ಎಂದು ಕೇಳಿದ್ದು ಅದೇ ಮೊದಲು. ಅವಳ ಸಿಟ್ಟು ಇಳಿಯಲಿಲ್ಲ.

"ತಕ್ಕಡಿಗೆ ಬೇಕಾದ್ದರ ಡಬ್ಬಲ್ ತನ್ನಿ," ಎಂದಳು. ಸುರಭಿ ಬ್ಯಾಗನ್ನು ಮೆಲ್ಲಗೆ ಕುರ್ಚಿಯ ಮೇಲಿಟ್ಟಳು.