ಇಲ್ಲ ಎಂದು ಬರೆದ ಕಾಲಂ

ಬೆಳಿಗ್ಗೆ ಪಕ್ಕದ ಮನೆಯ ಮೇಷ್ಟ್ರು ಒಂದು ಅರ್ಜಿ ಹಿಡಿದು ಬಂದರು. ಝೆರಾಕ್ಸ್ ಅಂಗಡಿಯಿಂದ ನೇರ ತಂದದ್ದು, ಕಾಗದ ಇನ್ನೂ ಬೆಚ್ಚಗಿತ್ತು, ಮಸಿಯ ವಾಸನೆ ಬರುತ್ತಿತ್ತು. ಮೂವತ್ತೈದು ವರ್ಷ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಕೂತ ನನಗೆ ಆ ವಾಸನೆ ಒಗ್ಗರಣೆ ವಾಸನೆಗಿಂತ ಹತ್ತಿರದ್ದು. ನಿವೃತ್ತ ನೌಕರರಿಗೂ ಅವರ ಹೆಂಡತಿಗೋ ಗಂಡನಿಗೋ ಆಸ್ಪತ್ರೆಯ ಖರ್ಚು ಸಿಗುವ ಯೋಜನೆಯ ಅರ್ಜಿ ಅದು. ಮೇಷ್ಟ್ರು ಕೂರುವ ಮೊದಲೇ, “ನಮ್ಮಾಕಿಗೇನೂ ಇಲ್ರಿ, ಗಟ್ಟಿ ಅದಾಳ. ಕಾಯಿಲೆ ಕಾಲಂನಾಗ ಇಲ್ಲ ಅಂತ ಬರದುಬಿಡ್ರಿ” ಎಂದರು. ಪೆನ್ನಿಗೆ ಚಾಚಿದ ನನ್ನ ಕೈ ನಿಂತಿತು. ಯಾಕೆ ನಿಂತಿತು ಎಂದು ನಿಮಗೆ ಹೇಳಬೇಕು.

ನನ್ನ ಅಕ್ಷರ ಚೆನ್ನಾಗಿದೆ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಈಗ ಬೇರೆ ಯಾರೂ ಹೇಳುವುದಿಲ್ಲ. ಈ ಯೋಜನೆ ಹೊಸದಾಗಿ ಬಂದಾಗ ಕೊಟ್ಟೂರಿನ ಶಾಲೆಯೊಂದರ ಕೋಣೆಯಲ್ಲಿ ನಿವೃತ್ತರೆಲ್ಲ ಸೇರಿದ್ದೆವು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯವರೂ ಬಂದಿದ್ದರು. ಎಲ್ಲರ ಅರ್ಜಿ ತುಂಬುವ ಕೆಲಸ ನನ್ನ ತಲೆಗೆ ಬಿತ್ತು. ಬಿತ್ತು ಎಂದರೆ ಸುಳ್ಳು, ನಾನೇ ಮೇಜು ಎಳೆದುಕೊಂಡು ಕೂತೆ.

ಗಂಡಸರು ಒಳಗೆ ಸಾಲುಗಟ್ಟಿ ನಿಂತಿದ್ದರು. ಹೆಂಗಸರು ಹೊರಗೆ ಜಗಲಿಯ ಮೇಲೆ ಕೂತಿದ್ದರು, ಸಹಿಗೆ ಕರೆದಾಗ ಮಾತ್ರ ಒಳಗೆ ಬರುತ್ತಿದ್ದರು. ಅರ್ಜಿಯಲ್ಲಿ ಸಂಗಾತಿಗೆ ಈಗಿರುವ ಕಾಯಿಲೆಗಳು ಎಂಬ ಕಾಲಂ ಇತ್ತು. ಉತ್ತರ ಕೊಟ್ಟವರು ಗಂಡಂದಿರು. ನಮ್ಮ ಕಡೆ ಹಾಗೇ ನೋಡಿ, ಹೆಂಡತಿಯ ಬಸ್ ಟಿಕೆಟ್ ಗಂಡ ಕೇಳುತ್ತಾನೆ, ಅಂಗಡಿಯಲ್ಲಿ ಅವಳ ಚಪ್ಪಲಿಯ ಅಳತೆಯನ್ನೂ ಅವನೇ ಹೇಳುತ್ತಾನೆ, ಅದೂ ತಪ್ಪು ಹೇಳುತ್ತಾನೆ. ಒಬ್ಬರಾದ ಮೇಲೊಬ್ಬರು ‘ಏನೂ ಇಲ್ಲ’ ಎಂದರು, ನಾನು ದುಂಡಗೆ ‘ಇಲ್ಲ’ ಎಂದು ಬರೆದೆ. ಅದೇ ಭರದಲ್ಲಿ ನನ್ನ ಅರ್ಜಿಯಲ್ಲಿ ನನ್ನ ಹೆಂಡತಿ ಶಾರದಳ ಹೆಸರಿನ ಮುಂದೆಯೂ ಬರೆದೆ. ಎರಡು ವರ್ಷದಿಂದ ಅವಳಿಗೆ ಎದೆ ನೋವಿತ್ತೆಂಬುದು ಅವಳ ಗಂಡನಿಗೆ ಗೊತ್ತಿರಲಿಲ್ಲ.

ಆಮೇಲೆ ಬಸಮ್ಮ ಸಿಸ್ಟರ್ ಬಂದರು. ಚಿಗಟೇರಿಯವರು, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ಎಷ್ಟೋ ಹೆರಿಗೆ ಮಾಡಿಸಿ ನಿವೃತ್ತರಾದವರು. ಪಿಂಚಣಿ ಅವರದ್ದು, ಜೊತೆಗೆ ಬಂದ ಗಂಡ ಕಿರಾಣಿ ಅಂಗಡಿಯವರು. ಕಾಯಿಲೆಯ ಕಾಲಂ ಬಂದಾಗ ಸಿಸ್ಟರ್ ತಾವು ಬಾಯಿ ಬಿಡದೆ ಗಂಡನ ಕಡೆ ನೋಡಿದರು. ಆತ ಸಕ್ಕರೆ, ಮಂಡಿನೋವು ಎಂದರು, ಸ್ವಲ್ಪ ತಡೆದು ಬೀಡಿಯನ್ನೂ ಒಪ್ಪಿಕೊಂಡರು. ಸಿಸ್ಟರ್ ಮೇಜಿನ ಮೇಲಿದ್ದ ಅರ್ಜಿಗಳ ಕಟ್ಟನ್ನು ತಿರುವಿ ಹಾಕಿದರು.

“ಅಕ್ಷರ ಭಾಳ ಚಂದ ಅದಾವ್ರಿ. ಇವನ್ನೆಲ್ಲ ಯಾರನ್ನ ಕೇಳಿ ಬರದ್ರಿ?”

ಗಂಡಂದಿರು ಹೇಳಿದ್ದು ಎಂದೆ. ಸಿಸ್ಟರ್ ಕಟ್ಟನ್ನು ಎತ್ತಿಕೊಂಡು ಜಗಲಿಗೆ ಹೋಗಿ ಹೆಂಗಸರ ನಡುವೆ ಕೂತುಬಿಟ್ಟರು. ಮೊದಲು ಮಲ್ಲಿಗೆ ದಂಡೆಯ ಮಾತು, ಹಡಗಲಿಯ ಸಂತೆಯ ಮಾತು. ಆಮೇಲೆ ದನಿ ತಗ್ಗಿತು. ತಿರುಗಿ ಬಂದಾಗ ಅರ್ಧಕ್ಕಿಂತ ಹೆಚ್ಚು ಅರ್ಜಿಗಳಲ್ಲಿ ನನ್ನ ‘ಇಲ್ಲ’ಗಳಿಗೆ ಗೀಟು ಬಿದ್ದಿತ್ತು. ಬಿಪಿ, ರಕ್ತ ಕಡಿಮೆ, ಗರ್ಭಕೋಶ ಜಾರಿರುವುದು, ಒಬ್ಬಾಕೆಗೆ ಎದೆಯಲ್ಲಿ ಗಂಟು. ಆಕೆಯ ಗಂಡ ಸಾಲು ಬಿಟ್ಟು ಜಗಲಿಯ ಕಡೆ ನಡೆದ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಶಾರದ ಆ ದಿನ ಬಂದಿರಲಿಲ್ಲ. ಅವಳ ಸಹಿಗೆಂದು ಅರ್ಜಿಯನ್ನು ಮನೆಗೆ ಒಯ್ಯುವವನಿದ್ದೆ.

ಮನೆಯಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದಳು. ನಿನಗೇನಾದರೂ ಕಾಯಿಲೆ ಇದೆಯೇ ಎಂದು ಕೇಳಿದೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇದು ಮೊದಲ ಸಲವಿರಬೇಕು, ಕೈ ನಿಲ್ಲಿಸಿ ನನ್ನನ್ನೇ ನೋಡಿದಳು.

“ಮಾಳಿಗಿ ಹತ್ತಿದ್ರ ಎದಿ ಹಿಡದಂಗ ಆಗತೈತಿ. ಎರಡು ವರ್ಷ ಆತು.”

ನನಗ್ಯಾಕೆ ಹೇಳಲಿಲ್ಲ ಎಂದು ದಬಾಯಿಸಿದೆ. ತಪ್ಪು ನನ್ನದಿದ್ದಾಗ ನನ್ನ ದನಿ ಏರುತ್ತದೆ.

“ಹೇಳಿದ್ನಲ್ರಿ, ಹರಪನಹಳ್ಳಿ ಮದುವ್ಯಾಗ. ನೀವು ಸೋಡಾ ಕುಡಿ ಅಂದ್ರಿ.”

ಅಂದಿದ್ದೆ. ಸೋಡಾ ತಂದುಕೊಟ್ಟು ಎಂಥ ಗಂಡ ನಾನು ಎಂದು ಒಳಗೊಳಗೇ ಬೀಗಿದ್ದೂ ನೆನಪಾಯಿತು. ಅರ್ಜಿ ತಿದ್ದಿದೆ, ಅಕ್ಷರ ದುಂಡಗೆ ಬರಲಿಲ್ಲ. ಮುಂದಿನ ವಾರವೇ ದಾವಣಗೆರೆಗೆ ಹೋದೆವು. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಇನ್ನು ಕೆಲವು ತಿಂಗಳು ಬಿಟ್ಟಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಯೋಜನೆಯ ಕಾರ್ಡು ಬಂದ ಮೇಲೆ ಆ ನಾಳಕ್ಕೆ ಸ್ಟೆಂಟ್ ಹಾಕಿದರು. ಒಳಗೆ ಕರೆದುಕೊಂಡು ಹೋಗುವ ಮೊದಲು ಡಾಕ್ಟರು, ನೋವು ಹೇಗಿರುತ್ತದೆ ಎಂದು ಕೇಳಿದರು. ಉತ್ತರ ಹೇಳಲು ನಾನೇ ಬಾಯಿ ತೆರೆದೆ. ನನಗೇನು ಗೊತ್ತು ಎಂದು ಹೊಳೆದು ಮುಚ್ಚಿಕೊಂಡೆ. ಶಾರದ ಹತ್ತು ನಿಮಿಷ ಮಾತಾಡಿದಳು. ಅದರಲ್ಲಿ ಒಂದು ಮಾತೂ ನಾನು ಮೊದಲು ಕೇಳಿದ್ದಲ್ಲ.

ಮೇಷ್ಟ್ರ ಅರ್ಜಿಯಲ್ಲಿ ಆ ಕಾಲಂ ಖಾಲಿ ಬಿಟ್ಟು, ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದು ಕಳಿಸಿದೆ. ಈಗ ಶಾರದ ಮಾಳಿಗೆ ಹತ್ತುತ್ತಾಳೆ, ಮೆಲ್ಲಗೆ. ದಿನಾ ಸಂಜೆ ಹೇಗಿದ್ದೀಯ ಎಂದು ಕೇಳುತ್ತೇನೆ, ಏನೂ ಇಲ್ಲ ಎನ್ನುತ್ತಾಳೆ. ನಾನು ಏಳುವುದಿಲ್ಲ. ಅವಳ ಪಕ್ಕದಲ್ಲೇ ಕೂತಿರುತ್ತೇನೆ, ಎರಡನೆಯ ಉತ್ತರ ಬರುವ ತನಕ.