ರಾಟೆಗೂ ಸೋಮವಾರ ರಜೆ

ಕೊಳ್ಳೇಗಾಲದಲ್ಲಿ ನಾನು ಮೊಟ್ಟಮೊದಲು ದುಡ್ಡು ಕೊಟ್ಟು ಕೊಂಡದ್ದು ಒಂದು ಮಂಕರಿ ಸಗಣಿ. ಹನೂರಿನಾಚೆಯ ನಮ್ಮ ಹೊಲದ ಮನೆಯಲ್ಲಿ ಬೆಳಗೆದ್ದರೆ ಕಾಲಿಗೇ ಸಿಗುತ್ತಿದ್ದ ಸಗಣಿ! ಇಲ್ಲಿ ಅದನ್ನು ಹೊತ್ತು ಮಾರುವ ಹೆಂಗಸು, "ಬಿರ್‍ನೆ ತಕಳವ್ವ, ಇನ್ನೂ ನಾಕು ಬೀದಿ ತಿರುಗ್ಬೇಕು" ಎಂದು ಅವಸರ ಮಾಡಿದಳು. ಬಾಗಿಲು ಸಾರಿಸುತ್ತಾ ನಗು ಬಂತು, ಹಿಂದೆಯೇ ಅಳುವೂ ಬಂತು.

ಎಂಬತ್ತರ ದಶಕದ ಕೊನೆಯ ಮಾತು. ಯಜಮಾನರಿಗೆ ಬಸ್ಸು ರಿಪೇರಿಯ ಕೆಲಸ ಸಿಕ್ಕಿ, ನೇಕಾರರ ಬೀದಿಯ ಬಾಡಿಗೆ ಮನೆಗೆ ಬಂದಿದ್ದೆವು. ಊರಲ್ಲಿ ಕೋಳಿ ಕೂಗಿ ಬೆಳಗಾಗುತ್ತಿತ್ತು. ಇಲ್ಲಿ ಮಗ್ಗದ ಲಟಪಟ. ಅಲ್ಲಿ ಸಾರಿಗೆ ಸೊಪ್ಪು ಬೇಕೆಂದರೆ ಹೊಲದ ಬದುವಿಗೆ ಹೋದರಾಯಿತು; ಇಲ್ಲಿ ಸೊಪ್ಪಿನವಳ ದಾರಿ ಕಾಯಬೇಕು. ಆದರೂ ಸುಳ್ಳಾಡಬಾರದು, ನಮ್ಮ ಬೆಟ್ಟದ ದೇವರು ಮಾದಪ್ಪ ಬಾಗಿಲಿಗೇ ನಲ್ಲಿ ಕೊಟ್ಟಿದ್ದ. ನೀರು ಸೇದಿ ಸೇದಿ ಒರಟಾಗಿದ್ದ ನನ್ನ ಅಂಗೈ ಮೆತ್ತಗಾಯಿತು.

ಆ ಅಂಗೈ ಮುಟ್ಟಿ ನೋಡಿಯೇ ಮನೆಯ ಒಡತಿ ಪುಟ್ಟಮ್ಮಕ್ಕ ನನಗೆ ಕಂಡಿಕೆ ಸುತ್ತಲು ಕಲಿಸಿದ್ದು. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕೂರುವ, ರೇಷ್ಮೆ ನೂಲು ಸುತ್ತಿದ ಪುಟ್ಟ ಕಡ್ಡಿಯೇ ಕಂಡಿಕೆ. ರಾಟೆ ತಿರುಗಿಸಿ ಸುತ್ತಬೇಕು. ಸುತ್ತುತ್ತೇನೆ, ಆದರೆ ಸೋಮವಾರ ಮುಟ್ಟುವುದಿಲ್ಲ ಎಂದೆ. ನಮ್ಮ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲ. ಅದು ಬಸವಣ್ಣನ ದಿನ. ಹೊಲ ಬಿಟ್ಟು ಬಂದವಳ ಬಳಿ ಹೊಲದ್ದೆಂದು ಉಳಿದದ್ದು ಅದೊಂದೇ. ಈಗ ನನ್ನ ಎತ್ತು ಈ ರಾಟೆಯೇ.

"ಅಲ್ಲಾ ಕಣೇ ಮಾದೇವಿ, ರಾಟೆಗೆ ಎಲ್ಲವೇ ಕೊಂಬು?" ಎಂದು ಪುಟ್ಟಮ್ಮಕ್ಕ ನಕ್ಕರು.

"ನಿಮ್ ಮಗ್ಗಕ್ಕೆ ಅಮಾಸೆ ರಜಾ ಕೊಡ್ತೀರಲ್ಲಕ್ಕ, ಅದ್ಕೇನು ಕೊಂಬು ಮೂಡವಾ?" ಎಂದೆ. ಪುಟ್ಟಮ್ಮಕ್ಕ ನಗುತ್ತಲೇ ರಾಟೆಯನ್ನು ನನ್ನ ಮುಂದೆ ಸರಿಸಿದರು.

ಕಲಿತು ತಿಂಗಳಾಗಿರಲಿಲ್ಲ, ಮದುವೆಯ ಧಾರೆ ಸೀರೆಯೊಂದು ಮಗ್ಗದ ಮೇಲಿತ್ತು. ಒಂದೂವರೆ ಮೊಳ ಬಾಕಿ. ಮಂಗಳವಾರ ಬೆಳಿಗ್ಗೆ ಹೆಣ್ಣಿನ ಕಡೆಯವರು ಬರುವವರು. ಸೋಮವಾರಕ್ಕೆ ಬೇಕಾದ ಕಂಡಿಕೆಯನ್ನು ಭಾನುವಾರವೇ ಬುಟ್ಟಿ ತುಂಬ ಸುತ್ತಿಟ್ಟೆ. ಮರುದಿನಕ್ಕೆ ಸಡಿಲಾಗಬಾರದೆಂದು, ಎತ್ತಿನ ಹಗ್ಗ ಹೊಸೆದ ಕೈಯಲ್ಲಿ ಜಗ್ಗಿ ಜಗ್ಗಿ ಸುತ್ತಿದ್ದೆ. ಸೋಮವಾರ ಲಾಳಿಗೆ ಹಾಕಿದರೆ ನೂಲು ಬಿಚ್ಚಿಕೊಳ್ಳದೆ ಎರಡೆಳೆಗೊಮ್ಮೆ ತುಂಡು.

"ಎತ್ತು ಕಟ್ಟಾಕಕ್ಕೆ ಸುತ್ತಿದ್ದೀಯೇನೇ? ರೇಷ್ಮೆ ಕಣೇ ಇದು!" ಪುಟ್ಟಮ್ಮಕ್ಕನಿಗೆ ಅಳು ಬರುವುದೊಂದು ಬಾಕಿ. ಅವರು ಮಗ್ಗದಿಂದ ಎದ್ದರೆ ನೇಯುವವರಿಲ್ಲ. ಸುತ್ತುವವಳು ನಾನೊಬ್ಬಳೇ.

ನನ್ನ ಸೋಮವಾರವೋ, ಆ ಹುಡುಗಿಯ ಸೀರೆಯೋ? ಮಾದಪ್ಪನ ಪಟದ ಮುಂದೆ ನಿಂತಾಗ ಅತ್ತೆ ನೆನಪಾದರು. ಹಿಂದೊಂದು ಸೋಮವಾರ ಹೆರಿಗೆ ನೋವಿನ ಹೆಂಗಸನ್ನು ಆಸ್ಪತ್ರೆಗೆ ಸಾಗಿಸಲು ಗಾಡಿ ಕಟ್ಟಬೇಕಾಗಿತ್ತು. ಅತ್ತೆ ಎತ್ತುಗಳ ಕಾಲು ತೊಳೆದು, ಬೆಲ್ಲ ತಿನ್ನಿಸಿ, "ತಪ್ಪಾಯ್ತು ಕಣಪ್ಪ, ಇವತ್ತಿನ ರಜಾ ನಾಳೆ ಕೊಡ್ತೀನಿ" ಎಂದು ಬೇಡಿಕೊಂಡಿದ್ದರು. ನಾನೂ ರಾಟೆಗೆ ಕುಂಕುಮವಿಟ್ಟು, ಮುಂದೊಂದು ಬೆಲ್ಲದ ಚೂರಿಟ್ಟು, ಅದೇ ಮಾತು ಹೇಳಿ ಕೂತೆ. ದೀಪ ಹಚ್ಚುವ ಹೊತ್ತಿಗೆ ಸೀರೆ ಮಗ್ಗದಿಂದ ಇಳಿಯಿತು.

ಮರುದಿನ ನಾನು ಮರೆತು ರಾಟೆಗೆ ಕೈ ಹಾಕಿದರೆ ಪುಟ್ಟಮ್ಮಕ್ಕನೇ ತಡೆದರು: "ನಾಳೆ ಕೊಡ್ತೀನಿ ಅಂದಿದ್ಯಲ್ಲೇ, ಬುಡು ಅದ್ನ. ಮಲಿಕ್ಕಳ್ಳಿ."

ಹತ್ತು ವರ್ಷ ಹೀಗೇ ನಡೆಯಿತು. ಹೊಲದ ಆಸೆ ಮಾತ್ರ ಬಿಡಲಿಲ್ಲ. ಒಂದು ಸಲ ರಾಗಿ ಬಿತ್ತನೆಗೆಂದು ಊರಿಗೆ ಹೋದೆ. ಸೋಮವಾರ. ಬಸ್ಸಿಳಿದು ನೋಡಿದರೆ ನಮ್ಮ ಹೊಲದಲ್ಲೇ ಟ್ರ್ಯಾಕ್ಟರ್! ಮೈದುನ ಬದುವಿನ ಮೇಲೆ ನಿಂತು ಉಳುಮೆ ಮಾಡಿಸುತ್ತಿದ್ದ.

"ಎತ್ತು ಕೊಟ್ಬುಟ್ವಿ ಅತ್ಗೆ. ಇಂಜಿನ್‌ಗೆ ಯಾವ ಸೋಮಾರ?" ಎಂದ.

ನಾನು ಮನೆಯತ್ತ ನಡೆದೆ. ಜಗಲಿಯ ಮೇಲೆ ಕೂತಿದ್ದ ಅತ್ತೆ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು: "ನಿನ್ ರಾಟೆ ಇವತ್ತು ನಿಂತದಾ?"

"ನಿಂತದೆ ಅತ್ತೆ."

"ಸದ್ಯ" ಎಂದರು.

ಮೂರನೆಯ ದಿನ ಅಮಾವಾಸ್ಯೆ. ಹಸುವಿಗೆ ಹುಲ್ಲು ಕೊಯ್ಯೋಣ ಬಾ ಎಂದು ಅತ್ತೆ ಕರೆದರೆ, "ಇವತ್ತು ಅಮಾಸೆ ಅಲ್ವಾ ಅತ್ತೆ, ನಮ್ಗೆ ರಜಾ" ಎಂದುಬಿಟ್ಟೆ.

ಅತ್ತೆ ತಿರುಗಿ ನೋಡಿದರು. "ನಮ್ಗೆ ಅಂದ್ರೆ ಯಾರ್‍ಗವ್ವ?"

ನಗುತ್ತಾ ಕುಡುಗೋಲು ತೆಗೆದುಕೊಂಡು ಅವರ ಹಿಂದೆ ಹೊರಟೆ.