ನನ್ನ ಹೆಗಲ ಮೇಲಿನ ಕೋವಿ

ಒಂಟೆ ಸಾಧು ಪ್ರಾಣಿ ಅಂತಲೇ ನಾನು ತಿಳಿದಿದ್ದೆ. ಮಲ್ಪೆ ಬೀಚಿನಲ್ಲಿ ಮಕ್ಕಳನ್ನು ಹೊತ್ತು ತಿರುಗುವ ಬಡಕಲು ಒಂಟೆಯನ್ನು ನೋಡಿದ್ದಷ್ಟೇ ನನ್ನ ಅನುಭವ. ಸೌದಿಯ ಹಾಯಿಲ್‌ಗೆ ಬಂದ ಮೊದಲ ಚಳಿಗಾಲದಲ್ಲೇ ಆ ತಿಳುವಳಿಕೆ ಹೋಯಿತು.

ನಾನು ಕುಂದಾಪುರದ ಕಡೆಯವನು, ಕೆಲಸ ನರ್ಸಿನದ್ದು. ಪಟ್ಟಣದಿಂದ ಸಾಕಷ್ಟು ದೂರದ ಒಂದು ತೋಟದ ಮನೆಯಲ್ಲಿ ಎಂಬತ್ತು ದಾಟಿದ ಯಜಮಾನರನ್ನು ನೋಡಿಕೊಳ್ಳುತ್ತಿದ್ದೆ. ಕೆಲಸದವರೆಲ್ಲ ಅವರನ್ನು ಬಾಬಾ ಅನ್ನುತ್ತಿದ್ದೆವು. ಸಕ್ಕರೆ ಕಾಯಿಲೆ, ಜೊತೆಗೆ ಕೈ ನಡುಕ. ಗಹ್ವಾದ, ಅಂದರೆ ಅರಬಿ ಕಾಫಿಯ, ಪುಟ್ಟ ಲೋಟ ಹಿಡಿದರೆ ಅರ್ಧ ಅಂಗಿಯ ಮೇಲೆ. ನನ್ನ ಕಫೀಲ್, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಧಣಿ, ಅವರ ಮಗ, ಇರುವುದು ರಿಯಾದ್‌ನಲ್ಲಿ. ಮನೆಯಲ್ಲಿ ನನ್ನ ಭಾಷೆ ಬಲ್ಲವರು ಒಬ್ಬರೇ, ಉಪ್ಪಿನಂಗಡಿಯ ಡ್ರೈವರ್. ನನಗಿಂತ ಬಹಳ ಹಿರಿಯರಾದ್ದರಿಂದ ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ಅವರು ನನ್ನನ್ನು ತಮಾಷೆಗೆ ಡಾಕ್ಟ್ರೇ ಅನ್ನುತ್ತಿದ್ದರು.

ಚಳಿಗಾಲ ಬಂತೆಂದರೆ ಗಂಡು ಒಂಟೆಗಳಿಗೆ ಮದ ಏರುತ್ತದೆ. ಬಾಬಾ ಬಳಿ ಕಪ್ಪು ಬಣ್ಣದ ದೊಡ್ಡದೊಂದಿತ್ತು. ಮರಿಯಾಗಿದ್ದಾಗಿನಿಂದ ಅವರೇ ಸಾಕಿದ್ದು. ಆ ವರ್ಷ ಅದು ಹಲ್ಲು ಕಡಿಯುವ ಸದ್ದು ನನ್ನ ಕೋಣೆಯವರೆಗೂ ಕೇಳುತ್ತಿತ್ತು. ಬಾಯಿಯ ಪಕ್ಕದಿಂದ ಕೆಂಪು ಚೀಲದಂಥದ್ದೊಂದು ಹೊರಗೆ ಜೋತುಬಿದ್ದು, ಗಂಟಲಿನಿಂದ ಹಂಡೆಯಲ್ಲಿ ನೀರು ಕುದಿಯುವ ಹಾಗೆ ಗುಳುಗುಳು ಸದ್ದು ಬರುತ್ತಿತ್ತು. ಹಿಂದಲೆಯಿಂದ ಕರಿ ಬೆವರು ಇಳಿಯುತ್ತಿತ್ತು. ಅದರ ಕೊಟ್ಟಿಗೆಯ ಕಡೆ ನಾನು ಹೋಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಒಂಟೆ ಕಾಯುವ ಸುಡಾನಿನವನನ್ನು ಪಿಕಪ್‌ನ ಹಿಂದೆ ಮಲಗಿಸಿಕೊಂಡು ತಂದರು. ಕರಿ ಒಂಟೆ ಅವನ ತೋಳನ್ನು ಬಾಯಲ್ಲಿ ಹಿಡಿದು ಎತ್ತಿ ಒಗೆದಿತ್ತು. ಆಮೇಲೆ ಮೊಣಕಾಲೂರಿ ಎದೆಯಿಂದ ಅವನನ್ನು ನೆಲಕ್ಕೆ ಒತ್ತಲು ಹೊರಟಿತ್ತು. ಬಿದ್ದ ಜಾಗ ತಗ್ಗಾಗಿದ್ದರಿಂದ ಅವನು ಬದುಕಿದ. ತೋಳಿನ ಮಾಂಸ ಬಿಚ್ಚಿಕೊಂಡಿತ್ತು, ಹೆಗಲು ಜಾಗ ಬಿಟ್ಟಿತ್ತು. ನಾನು ಬಟ್ಟೆ ಬಿಗಿದು ರಕ್ತ ನಿಲ್ಲಿಸಿ ಕಾಕಾ ಜೊತೆ ಆಸ್ಪತ್ರೆಗೆ ಕಳಿಸಿದೆ.

ಒಂಟೆ ಬೇಲಿ ಮುರಿದು ಪಕ್ಕದ ವಾದಿಗೆ, ಅಂದರೆ ನೀರಿಲ್ಲದ ಹೊಳೆಯ ಪಾತ್ರಕ್ಕೆ, ಇಳಿದಿತ್ತು. ಚಳಿಗಾಲದಲ್ಲಿ ಅಲ್ಲೆಲ್ಲ ಪಟ್ಟಣದ ಸಂಸಾರಗಳು ಗುಡಾರ ಹಾಕಿ ಮಕ್ಕಳು ಮರಿ ಸಮೇತ ಇರುತ್ತವೆ. ಅಕ್ಕಪಕ್ಕದ ತೋಟದವರು ಹಗ್ಗ ಹಿಡಿದು ಹೋಗಿ ಓಡಿಬಂದರು. ಬಾಬಾ ಎಲ್ಲ ಕೇಳಿಸಿಕೊಂಡರು. ಆಮೇಲೆ ಒಳಗಿನಿಂದ ಕಂಬಳಿಯಲ್ಲಿ ಸುತ್ತಿದ ಕೋವಿ ತರಿಸಿದರು.

ಅದು ಅವರ ಅಪ್ಪನ ಕಾಲದ್ದು. ಅಮೆರಿಕದಲ್ಲಿ ಮಾಡಿದ್ದಂತೆ. ಹಿಡಿಯ ಮರ ಎಣ್ಣೆ ಕುಡಿದು ಕಪ್ಪಾಗಿತ್ತು. ಗುಂಡು ಹಾರಿಸುವ ಕುದುರೆಯ ಕೆಳಗೆ ಬೆರಳು ತೂರಿಸುವ ಕಬ್ಬಿಣದ ಬಳೆಯೊಂದಿತ್ತು. ಅದನ್ನು ಕೆಳಗೆ ದೂಡಿ ಮೇಲಕ್ಕೆ ಎಳೆದರೆ ಹಳೇ ತೋಟೆ ಹೊರಗೆ ಹಾರಿ ಹೊಸದು ಒಳಗೆ ಕೂರುತ್ತದೆ. ಹಳೇ ಹಾಲಿನ ಪುಡಿ ಡಬ್ಬಿಯಲ್ಲಿ ಉಳಿದಿದ್ದ ಒಂದು ಮುಷ್ಟಿ ತೋಟೆಗಳಿಗೆ ಹಸಿರು ಕಿಲುಬು ಹಿಡಿದಿತ್ತು.

“ಈ ಅಳತೆಯ ತೋಟೆಯನ್ನು ಈಗ ಯಾರೂ ಮಾಡುವುದಿಲ್ಲ. ಮಗ ಎಲ್ಲೆಲ್ಲೋ ಹುಡುಕಿದ, ಸಿಗಲಿಲ್ಲ,” ಎಂದು ಬಾಬಾ ಒಂದೊಂದನ್ನೇ ಅಂಗಿಯ ತುದಿಯಲ್ಲಿ ಉಜ್ಜಿದರು.

ನಾನು ಹೊರಗೆ ಹೋಗಿ ಮಗನಿಗೆ ಫೋನ್ ಮಾಡಿದೆ. ಅವನು, “ತಡೆದರೆ ಒಬ್ಬರೇ ಹೋಗುತ್ತಾರೆ. ನೀನು ಜೊತೆಗೆ ಹೋಗು. ಸಕ್ಕರೆ ಇಳಿಯದ ಹಾಗೆ ನೋಡಿಕೋ,” ಎಂದ. ಅವರಿಗೇನಾದರೂ ಆದರೆ ನನ್ನ ಗತಿಯೇನು ಎಂದು ಕೇಳಬೇಕೆಂದಿದ್ದೆ. ಕೇಳದೆ ಒಳಗೆ ಹೋಗಿ ಔಷಧಿಯ ಚೀಲ ತುಂಬಿಕೊಂಡೆ.

ಕಾಕಾ ಆಸ್ಪತ್ರೆಯಿಂದ ವಾಪಸಾದ ಕೂಡಲೇ ಹೊರಟೆವು. ಬಾಬಾ ನಡುವೆ, ಕೋವಿ ಅವರ ಮೊಣಕಾಲುಗಳ ಮಧ್ಯೆ. ನನ್ನ ತೊಡೆಯ ಮೇಲೆ ಔಷಧಿಯ ಚೀಲ.

“ಅವರು ಹೊಡೆಯುವುದು ಹೌದಾ ಡಾಕ್ಟ್ರೇ? ಆ ಕೈಯಲ್ಲಿ?” ಕಾಕಾ ಕನ್ನಡದಲ್ಲಿ ಕೇಳಿದರು.

“ನನಗೆಂತ ಗೊತ್ತು ಕಾಕಾ.”

“ತಾಗದಿದ್ದರೆ ಅದು ನಮ್ಮನ್ನು ಚಟ್ನಿ ಮಾಡ್ತದೆ ಮಾರಾಯ್ರೆ.”

ನಮ್ಮ ದನಿಯಿಂದಲೇ ಅರ್ಥವಾಗಿರಬೇಕು. ಬಾಬಾ ಅರಬಿಯಲ್ಲಿ, “ನಮ್ಮ ಧರ್ಮದಲ್ಲಿ, ತಪ್ಪಿಸಿಕೊಂಡು ಹೋಗಿ ಕೈಗೆ ಸಿಗದ ಒಂಟೆ ಬೇಟೆಯ ಮೃಗಕ್ಕೆ ಸಮ. ಹೊಡೆಯಬಹುದು. ನನ್ನ ಪ್ರಾಣಿ, ನಾನೇ ಹೊಡೆಯಬೇಕು,” ಎಂದರು.

ವಾದಿಯ ತಿರುವಿನಲ್ಲಿ ಮುಳ್ಳಿನ ಮರಗಳ ಹಿಂದೆ ಅದು ಕಾಣಿಸಿತು. ಅದರಾಚೆ, ಎತ್ತರದ ದಿಣ್ಣೆಯಲ್ಲಿ, ಯಾರದ್ದೋ ಬಿಳಿ ಗುಡಾರ. ಬಂಡೆಗಳು ಅಡ್ಡ ಬಂದು ಗಾಡಿ ಮುಂದೆ ಹೋಗಲಿಲ್ಲ. ಬಾಬಾ ಇಳಿದರು. ಗಾಡಿಯ ಒಳಗಿಂದಲೇ ಹೊಡೆಯಿರಿ ಎಂದು ಕೈಮುಗಿದೆ. ಇಂಜಿನ್ನಿನ ನಡುಕವೂ ಸೇರಿದರೆ ಗುರಿ ನಿಲ್ಲುವುದಿಲ್ಲ ಎಂದು ಮರಳಿನ ಮೇಲೆ ಕೂತೇ ಬಿಟ್ಟರು. ಕೋವಿ ಎತ್ತಿದರು. ಅದರ ತುದಿ ಗಾಳಿಗೆ ಸಿಕ್ಕ ಹುಲ್ಲಿನ ಹಾಗೆ ಆಡುತ್ತಿತ್ತು.

“ಬಾ ಇಲ್ಲಿ. ನನ್ನ ಮುಂದೆ ಕೂರು.”

ಯಾಕೆಂದು ಅರ್ಥವಾಗುವಾಗ ನಾನು ಕೂತಾಗಿತ್ತು. ನನ್ನ ಎಡ ಹೆಗಲ ಮೇಲೆ ಕೋವಿಯ ನಳಿಗೆ ಬಂದು ಕೂತಿತು. ಅದು ತಣ್ಣಗಿತ್ತು, ನೆನೆಸಿದ್ದಕ್ಕಿಂತ ಭಾರವಿತ್ತು. ಚೀಲದಿಂದ ಹತ್ತಿ ತೆಗೆದು ಎರಡೂ ಕಿವಿಗೆ ತುರುಕಿಕೊಂಡೆ. ಬಾಬಾ ಮತ್ತು ಒಂಟೆಯ ಮಧ್ಯೆ ಈಗ ಇದ್ದದ್ದು ನಾನು ಮಾತ್ರ.

ಒಂಟೆ ನಮ್ಮನ್ನು ನೋಡಿತು. ಕತ್ತು ಮೇಲಕ್ಕೆತ್ತಿತು. ಬಾಯಿಯಿಂದ ನೊರೆ ಎದೆಗೆ ಇಳಿಯುತ್ತಿತ್ತು. ಮೊದಲು ನಡೆದು ಬಂತು. ಆಮೇಲೆ ಕತ್ತನ್ನು ತಗ್ಗಿಸಿ ಮುಂದಕ್ಕೆ ಚಾಚಿ ಓಡತೊಡಗಿತು. ಅಷ್ಟು ದೊಡ್ಡ ಪ್ರಾಣಿಯ ಓಟಕ್ಕೆ ಮರಳಿನಲ್ಲಿ ಸದ್ದೇ ಇರಲಿಲ್ಲ. ಎರಡೂ ಕೈಯಲ್ಲಿ ಮರಳನ್ನು ಬಿಗಿಯಾಗಿ ಹಿಡಿದು ಕೂತೆ.

“ಬಿಸ್ಮಿಲ್ಲಾ,” ಎಂದರು ಬಾಬಾ.

ಟಿಕ್ ಎಂದಿತು, ಅಷ್ಟೇ. ಸಿಡಿಯಲಿಲ್ಲ.

“ಇನ್ನೊಂದು ಹಾಕಿ, ಇನ್ನೊಂದು!” ಹಿಂದಿನಿಂದ ಕಾಕಾ ಕೂಗಿದರು.

ಬಾಬಾ ಅಲುಗಾಡಲಿಲ್ಲ. “ಸಬರ್, ಸಬರ್,” ಎಂದರು, ತಾಳು ತಾಳು ಎಂದು. ಹಳೇ ತೋಟೆ ಕೆಲವೊಮ್ಮೆ ತಡೆದು ಸಿಡಿಯುತ್ತದೆ, ಅವಸರದಲ್ಲಿ ತೆಗೆದರೆ ನಮ್ಮ ಮುಖದ ಮೇಲೇ ಸಿಡಿದೀತು ಎಂದು ಅವರು ನನಗೆ ಹೇಳಿದ್ದು ಆಮೇಲೆ. ಆಗ ನನಗೆ ತಿಳಿದದ್ದು ಇಷ್ಟೇ: ಒಂಟೆ ಓಡಿ ಬರುತ್ತಿದೆ, ಈ ಮುದುಕ ಕಾಯುತ್ತಿದ್ದಾನೆ. ಅಷ್ಟು ಉದ್ದದ ಹೊತ್ತನ್ನು ನಾನು ಬದುಕಿನಲ್ಲಿ ಮತ್ತೆ ಕಂಡಿಲ್ಲ.

ಬಳೆ ಕೆಳಗಿಳಿದು ಮೇಲಾಯಿತು. ಸಿಡಿಯದ ತೋಟೆ ನನ್ನ ಬೆನ್ನಿಗೆ ಬಡಿದು ಬಿತ್ತು. ಮುಂದಿನದ್ದು ಸಿಡಿಯಿತು. ತಲೆಯೊಳಗೇ ಸಿಡಿದ ಹಾಗಾಗಿ ಎಡಗಿವಿಯಲ್ಲಿ ಒಂದೇ ಸಮನೆ ಸಿಳ್ಳು ಶುರುವಾಯಿತು. ಮದ್ದಿನ ಹೊಗೆ ಕಣ್ಣಿಗೆ ಮುಚ್ಚಿತು. ಹೊಗೆ ಸರಿದಾಗ ಒಂಟೆ ಬಿದ್ದಿರಲಿಲ್ಲ. ಎದೆಯಲ್ಲಿ ರಕ್ತ. ಓಟ ಹೋಗಿ ನಡಿಗೆಯಾಗಿತ್ತು, ಆದರೂ ನಮ್ಮ ಕಡೆಗೇ.

ಬಾಬಾ ಏನೋ ಹೇಳುತ್ತಿದ್ದರು, ನನಗೆ ಕೇಳಲಿಲ್ಲ. ತಿರುಗಿ ನೋಡಿದೆ. ಅವರ ಬೆರಳುಗಳು ಬಳೆಯೊಳಗೆ ಸಿಕ್ಕಿ ಸೆಟೆದುಕೊಂಡಿದ್ದವು. ದೂಡಲು ಶಕ್ತಿ ಸಾಲುತ್ತಿರಲಿಲ್ಲ. ನನ್ನ ಜನ್ಮದಲ್ಲಿ ಕೋವಿ ಮುಟ್ಟಿದವನಲ್ಲ. ಬಲಗೈ ಹಿಂದೆ ಚಾಚಿ ಅವರ ಬೆರಳುಗಳ ಸಮೇತ ಬಳೆಯನ್ನು ಕೆಳಗೆ ಒತ್ತಿದೆ, ಮೇಲಕ್ಕೆ ಎಳೆದೆ. ಖಟ್ ಎಂದು ಕೂತಿತು. ಮುಂದೆ ತಿರುಗಿ ಕಣ್ಣು ಮುಚ್ಚಿ ಹೆಗಲನ್ನು ಬಿಗಿ ಹಿಡಿದೆ.

ಇನ್ನೊಮ್ಮೆ ಸಿಡಿಯಿತು.

ಕಣ್ಣು ಬಿಟ್ಟಾಗ ಒಂಟೆ ಮೊಣಕಾಲೂರಿತ್ತು. ಭಾರ ಹೊರಿಸಲು ಕೂರಿಸಿದ ಹಾಗೆ ಮೆಲ್ಲನೆ ಕೂತು, ಪಕ್ಕಕ್ಕೆ ವಾಲಿತು. ಅದರ ಮದದ ವಾಸನೆ ಮೂಗಿಗೆ ಬಡಿಯುವಷ್ಟು ಹತ್ತಿರವಿತ್ತು. ಕಾಕಾ ಚೂರಿ ಹಿಡಿದು ಓಡಿ ಬಂದರು. ಬಾಬಾ ಅದನ್ನು ಇಸಿದುಕೊಂಡು, ನನ್ನ ಮೇಲೆ ಭಾರ ಹಾಕಿ ಎದ್ದು, ತಾವೇ ಹೋಗಿ ಕತ್ತಿನ ಬುಡಕ್ಕೆ ಹಾಕಿದರು. ಅದರ ಹಣೆಯ ಮೇಲೆ ಕೈಯಿಟ್ಟು ಏನೋ ಅಂದರು. ಕಿವಿಯ ಸಿಳ್ಳಿನಲ್ಲಿ ನನಗೆ ಕೇಳಲಿಲ್ಲ.

ಆಮೇಲೆ ಬಾಬಾ ತಣ್ಣಗೆ ಬೆವರತೊಡಗಿದರು. ಸಕ್ಕರೆ ಇಳಿದಿತ್ತು. ಬಾಯಿಗೆ ಖರ್ಜೂರ ಇಟ್ಟೆ, ಜ್ಯೂಸ್ ಕುಡಿಸಿದೆ. ಅವರನ್ನು ಗಾಡಿಯಲ್ಲಿ ಮಲಗಿಸಿದ ಮೇಲೆ ಕಲ್ಲಿನ ಮರೆಗೆ ಹೋಗಿ ವಾಂತಿ ಮಾಡಿದೆ. ಕಾಕಾ ನೀರಿನ ಬಾಟಲಿ ಹಿಡಿದು ನಿಂತಿದ್ದರು. ಅವರ ತುಟಿ ಬಿಳಚಿತ್ತು.

ಕೆಲವು ದಿನಗಳ ಮೇಲೆ, ಇನ್ಸುಲಿನ್ ಚುಚ್ಚುವಾಗ, ಬಾಬಾ ತಾವಾಗಿಯೇ ಮಾತು ತೆಗೆದರು. “ಅವತ್ತು ನಿನ್ನ ಹೆಗಲು ನನ್ನ ಕೈಗಿಂತ ಹೆಚ್ಚು ನಡುಗುತ್ತಿತ್ತು.”

“ನಿಮಗೆ ಹೆದರಿಕೆ ಆಗಲಿಲ್ಲವೇ ಬಾಬಾ?”

“ಆಯಿತು. ಗುಂಡು ನಿನಗೆ ತಗುಲೀತೆಂದು.”

ಮಗ ಬಂದು ಕೋವಿಯನ್ನೂ ಉಳಿದ ತೋಟೆಗಳನ್ನೂ ರಿಯಾದ್‌ಗೆ ತೆಗೆದುಕೊಂಡು ಹೋದ. ಬಾಬಾ ಬೇಡ ಅನ್ನಲಿಲ್ಲ. ನನ್ನ ಕಿವಿಯ ಸಿಳ್ಳು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಊರಿನಿಂದ ಹೆಂಡತಿ ಫೋನ್ ಮಾಡಿದರೆ ಈಗಲೂ ಬಲಗಿವಿಗೇ ಹಿಡಿಯುತ್ತೇನೆ.

ಸುಡಾನಿನವನು ಬೇಸಿಗೆಗೆ ಮೊದಲು ಕೆಲಸಕ್ಕೆ ಮರಳಿದ. ತೋಳು ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಬಂದವನು ಮೊದಲು ಹೋದದ್ದು ಒಂಟೆಗಳ ಹತ್ತಿರ. ಎಳೆಯ ಗಂಡೊಂದು ಅವನ ಪೇಟವನ್ನು ಮೂಸಿ ನೋಡಿತು, ಅವನು ನಗುತ್ತಾ ಅದರ ಕತ್ತು ಕೆರೆದ. ಒಳಗೆ ಬಾ ಎಂದು ನನ್ನನ್ನೂ ಕರೆದ. ನಾನು ಬೇಲಿಯ ಹೊರಗೇ ನಿಂತೆ.